ಎರಡಡಿ ಅಗಲದ ಮೇಜಿಗೆ ಯಾವ ಮಾನಿಟರ್? 27, 32 ಮತ್ತು 34 ಇಂಚುಗಳ ಹೋಲಿಕೆ

ಡೊಂಬಿವಲಿಯ ನಮ್ಮ ಒಂದು ಬೆಡ್‌ರೂಮಿನ ಮನೆಯಲ್ಲಿ ನನ್ನ ಕಂಪ್ಯೂಟರಿಗೆ ಸಿಕ್ಕಿರುವುದು ನಾಲ್ಕಡಿ ಉದ್ದ, ಎರಡಡಿ ಅಗಲದ ಒಂದು ಮೇಜು. ಹಗಲು ಅದರ ಮೇಲೆ ಕಚೇರಿಯ ಎಕ್ಸೆಲ್ ಹಾಳೆಗಳು, ಸಂಜೆ ಇಲ್ಲಿಯ ಕನ್ನಡ ಸಂಘವೊಂದರ ಮಾಸಿಕದ ಕರಡು ತಿದ್ದುವ ಕೆಲಸ, ಮಗಳು ಮಲಗಿದ ಮೇಲೆ ಒಂದೆರಡು ಗಂಟೆ ಆಟ. ಒಂಬತ್ತು ವರ್ಷ ದುಡಿದ 24 ಇಂಚಿನ ಫುಲ್ ಎಚ್‌ಡಿ (1920×1080 ಪಿಕ್ಸೆಲ್) ಮಾನಿಟರಿನ ಅಂಚಿನಲ್ಲಿ ಹಳದಿ ಕಲೆ ಹರಡತೊಡಗಿದಾಗ, ಇಪ್ಪತ್ತೈದು ಸಾವಿರ ರೂಪಾಯಿಯೊಳಗೆ ದೊಡ್ಡದೊಂದನ್ನು ತರುವುದೆಂದು ನಿಶ್ಚಯಿಸಿದೆ. ಕೊನೆಗೆ ಮೂರು ಮಾನಿಟರುಗಳು ಒಂದಾದ ಮೇಲೊಂದು ಇದೇ ಮೇಜಿಗೆ ಬಂದವು. ಮೂರನ್ನೂ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಇರುವ ಒಂದೇ ಕಂಪ್ಯೂಟರಿಗೆ ಜೋಡಿಸಿ, ಒಂದೇ ಕುರ್ಚಿಯಲ್ಲಿ ಕುಳಿತು ನೋಡಿದ್ದೇನೆ.

ಮೊದಲು ಬಂದದ್ದು 32 ಇಂಚಿನ ಬಾಗಿದ ಪರದೆ: ವಿಎ ಎಂಬ ಬಗೆಯ ಪ್ಯಾನೆಲ್, 2560×1440 ಪಿಕ್ಸೆಲ್ (ಚಿಕ್ಕದಾಗಿ 1440ಪಿ), 165 ಹರ್ಟ್ಸ್, ಅಂದರೆ ಸೆಕೆಂಡಿಗೆ 165 ಬಾರಿ ಚಿತ್ರ ಬದಲಾಗುವಂಥದ್ದು. ಲ್ಯಾಮಿಂಗ್ಟನ್ ರಸ್ತೆಯ ಒಂದು ಅಂಗಡಿಯಲ್ಲಿ ಹತ್ತೊಂಬತ್ತೂವರೆ ಸಾವಿರಕ್ಕೆ ಕೊಂಡು, ಗ್ರಾಂಟ್ ರೋಡಿನಿಂದ ದಾದರಿಗೆ ಬಂದು, ಅಲ್ಲಿ ಸೆಂಟ್ರಲ್ ಲೈನಿನ ಲಗೇಜ್ ಡಬ್ಬಿ ಹತ್ತಿ, ಮೀನಿನ ಬುಟ್ಟಿಗಳ ನಡುವೆ ಪೆಟ್ಟಿಗೆಯನ್ನು ತಬ್ಬಿಕೊಂಡು ಮನೆ ಮುಟ್ಟಿಸಿದ್ದೆ. ಆ ಶ್ರಮಕ್ಕೆ ತಕ್ಕ ಸಂಭ್ರಮ ಎರಡು ದಿನ ಇತ್ತು. ಮೂರನೆಯ ದಿನ ಮಾಸಿಕದ ಕರಡು ತೆರೆದಾಗ ತೊಡಕು ಗೊತ್ತಾಯಿತು. ಇಂಗ್ಲಿಷ್ ಅಕ್ಷರಗಳಲ್ಲಿ ಅಷ್ಟಾಗಿ ಕಾಣದ ಒರಟುತನ ಕನ್ನಡದಲ್ಲಿ ಎದ್ದು ಕಾಣುತ್ತದೆ. ದ ಮತ್ತು ಧ, ಪ ಮತ್ತು ಫ, ಬ ಮತ್ತು ಭ ಇವುಗಳ ನಡುವಿನ ವ್ಯತ್ಯಾಸ ಒಂದು ಸಣ್ಣ ಸೀಳಿನದು. ಹೊಟ್ಟೆ ಸೀಳಿದ ಷಕಾರದ ಕೆಳಗೆ ಟಕಾರ, ಅದರ ಕೆಳಗೆ ರಕಾರ ಕೂತ ‘ರಾಷ್ಟ್ರ’ದಂಥ ಪದದಲ್ಲಿ ಒತ್ತಕ್ಷರಗಳಿಗೆ ಸಿಗುವುದು ಬೆರಳೆಣಿಕೆಯ ಪಿಕ್ಸೆಲ್‌ಗಳು. ಹನ್ನೊಂದು ಪಾಯಿಂಟಿನ ಅಕ್ಷರದಲ್ಲಿ ‘ವಿಧಾನ’ ಎಂದಿದೆಯೋ ‘ವಿದಾನ’ ಎಂದಿದೆಯೋ ತಿಳಿಯಲು ನಾನು ಮುಂದಕ್ಕೆ ಬಾಗಬೇಕಾಗುತ್ತಿತ್ತು.

ಕಾರಣ ಸರಳವಾದ ಲೆಕ್ಕ. 32 ಇಂಚಿನಲ್ಲಿ 1440ಪಿ ಎಂದರೆ ಇಂಚಿಗೆ ಸುಮಾರು 92 ಪಿಕ್ಸೆಲ್. ನನ್ನ ಹಳೆಯ 24 ಇಂಚಿನ ಫುಲ್ ಎಚ್‌ಡಿಯಲ್ಲೂ ಇದ್ದದ್ದು ಅಷ್ಟೇ. ಪರದೆ ಹಿಗ್ಗಿತೇ ಹೊರತು ಅಕ್ಷರ ಒಂದು ಕೂದಲೆಳೆಯಷ್ಟೂ ನಯವಾಗಲಿಲ್ಲ. ಈ ಸಾಂದ್ರತೆಯಲ್ಲಿ ಒಂದು ಪಿಕ್ಸೆಲಿನ ಅಗಲ 0.277 ಮಿಲಿಮೀಟರ್. ಸಾಮಾನ್ಯ ದೃಷ್ಟಿಯ ಕಣ್ಣು ಒಂದು ಡಿಗ್ರಿಯ ಅರುವತ್ತರಲ್ಲೊಂದು ಭಾಗದಷ್ಟು ಸೂಕ್ಷ್ಮವನ್ನು ಬೇರ್ಪಡಿಸಿ ನೋಡಬಲ್ಲದು ಎಂದಿಟ್ಟುಕೊಂಡರೆ, ಪಿಕ್ಸೆಲ್‌ಗಳು ಒಂದರಲ್ಲೊಂದು ಕರಗಿ ನಯವಾಗಿ ಕಾಣಲು ಪರದೆಯಿಂದ ಸುಮಾರು 95 ಸೆಂಟಿಮೀಟರ್, ಅಂದರೆ ಮೂರಡಿಗೂ ತುಸು ಹೆಚ್ಚು ದೂರ ಕೂರಬೇಕು. ನನ್ನ ಮೇಜೇ ಎರಡಡಿ. ಸ್ಟ್ಯಾಂಡಿನ ಕಾಲು ಅದರಲ್ಲಿ ಮುಕ್ಕಾಲಡಿ ನುಂಗಿದರೆ, ಮೇಜಿನ ಅಂಚಿನಿಂದ ತುಸು ಹಿಂದಕ್ಕೆ ಕೂತರೂ ಕಣ್ಣಿಗೂ ಪರದೆಗೂ ಉಳಿಯುವ ಅಂತರ 65 ಸೆಂಟಿಮೀಟರ್. ಇದೇ ಲೆಕ್ಕದಲ್ಲಿ, 32 ಇಂಚಿನ ಫುಲ್ ಎಚ್‌ಡಿ ಮಾನಿಟರ್ ಅಗ್ಗವೆಂದು ಅಂಗಡಿಯವರು ಎಷ್ಟೇ ಒತ್ತಾಯಿಸಿದರೂ ಅದನ್ನು ಮೇಜಿನ ಕೆಲಸಕ್ಕೆ ತರಬಾರದು. ಅಲ್ಲಿ ಇಂಚಿಗೆ ಇರುವುದು 69 ಪಿಕ್ಸೆಲ್ ಮಾತ್ರ.

ಆದರೆ ರಾತ್ರಿಯ ಆಟದಲ್ಲಿ ಈ ಪರದೆಗೆ ಸಾಟಿಯಿಲ್ಲ ಎಂದೇ ಮೊದಲಿಗೆ ಅನಿಸಿತ್ತು. ವಿಎ ಪ್ಯಾನೆಲಿನ ಕಾಂಟ್ರಾಸ್ಟ್, ಅಂದರೆ ಬಿಳಿಗೂ ಕಪ್ಪಿಗೂ ಇರುವ ಹೊಳಪಿನ ಅನುಪಾತ, ಸಾಮಾನ್ಯವಾಗಿ 3000:1ರ ಆಸುಪಾಸು, ಐಪಿಎಸ್ ಎಂಬ ಇನ್ನೊಂದು ಬಗೆಯ ಪ್ಯಾನೆಲಿನದು 1000:1ರಷ್ಟು. ಮಗಳು ಅದೇ ಕೋಣೆಯಲ್ಲಿ ಮಲಗುವುದರಿಂದ ನಾನು ದೀಪ ಆರಿಸಿಯೇ ಆಡಬೇಕು. ಕಾರು ಓಡಿಸುವ ಆಟ ‘ಫೋರ್ಜಾ ಹೊರೈಜನ್ 5’ರ ಇರುಳಿನ ರಸ್ತೆಯಲ್ಲಿ ಕತ್ತಲು ನಿಜಕ್ಕೂ ಕತ್ತಲಾಗಿಯೇ ಇತ್ತು. ಅದರ ಜೊತೆಗೇ ಬಂದ ಪೀಡೆಯೆಂದರೆ ಕಪ್ಪಿನ ಎಳೆತ. ವಿಎ ಪ್ಯಾನೆಲಿನ ಪಿಕ್ಸೆಲ್‌ಗಳು ಗಾಢ ಬಣ್ಣದಿಂದ ತಿಳಿ ಬಣ್ಣಕ್ಕೆ ಹೊರಳಲು ನಿಧಾನಿಸುವುದರಿಂದ, ಕಪ್ಪು ಹಿನ್ನೆಲೆಯ ಮೇಲಿನ ಬಿಳಿ ಅಕ್ಷರಗಳನ್ನು ಸರಸರನೆ ಉರುಳಿಸಿದರೆ ಪ್ರತಿ ಸಾಲಿನ ಹಿಂದೆ ನೇರಳೆ ಬಣ್ಣದ ಬಾಲ ಹೊರಡುತ್ತದೆ. ಅಂಗಡಿಯಲ್ಲಿ ಪರೀಕ್ಷಿಸುವವರು ಯಾವುದಾದರೂ ವೆಬ್‌ಪುಟವನ್ನು ಡಾರ್ಕ್ ಮೋಡಿನಲ್ಲಿ ತೆರೆದು ಹೀಗೆ ಉರುಳಿಸಿ ನೋಡುವುದು ಒಳ್ಳೆಯದು. ಅಲ್ಲಿ ತೋರಿಸುವ ಸಮುದ್ರದಾಳದ ಬಣ್ಣಬಣ್ಣದ ವಿಡಿಯೋದಲ್ಲಿ ಈ ದೋಷ ಕಾಣುವುದಿಲ್ಲ. ಪೆಟ್ಟಿಗೆಯ ಮೇಲಿನ ‘1 ಎಂಎಸ್’ (ಒಂದು ಮಿಲಿಸೆಕೆಂಡ್) ಎಂಬ ಅಂಕಿಯೂ ಇದಕ್ಕೆ ಉತ್ತರವಲ್ಲ. ಹಲವು ಮಾನಿಟರುಗಳಲ್ಲಿ ಅದು ಹಿಂಬದಿಯ ಬೆಳಕನ್ನು ಮಿಟುಕಿಸಿ ಸಾಧಿಸಿದ ಸಂಖ್ಯೆ. ಆ ಸೌಲಭ್ಯ ಚಾಲೂ ಮಾಡಿದೊಡನೆ ನನ್ನಲ್ಲಿ ಪರದೆ ಮಂಕಾಯಿತು, ಆಟದ ಚಿತ್ರಗಳಿಗೆ ಪರದೆಯ ವೇಗವನ್ನು ಹೊಂದಿಸುವ ಫ್ರೀಸಿಂಕ್ ಬಂದ್ ಆಯಿತು.

ಎರಡನೆಯದು 34 ಇಂಚಿನ ಅಲ್ಟ್ರಾವೈಡ್, ಅಂದರೆ ಮಾಮೂಲಿಗಿಂತ ಅಗಲವಾದ ಪರದೆ. 3440×1440, ಇದೂ ಬಾಗಿದ ವಿಎ ಪ್ಯಾನೆಲೇ. ಎರಡು ವಾರ ಉಡುಪಿಗೆ ಹೊರಟಿದ್ದ ಸಹೋದ್ಯೋಗಿಯೊಬ್ಬರು ಕೊಟ್ಟು ಹೋಗಿದ್ದರು. ಇಂಚಿಗೆ 110 ಪಿಕ್ಸೆಲ್ ಇರುವುದರಿಂದ ಒತ್ತಕ್ಷರಗಳು ಥಟ್ಟನೆ ಸ್ಪಷ್ಟವಾದವು. ಇದರ ಎತ್ತರ ಹೆಚ್ಚು ಕಡಿಮೆ 27 ಇಂಚಿನ ಮಾನಿಟರಿನಷ್ಟೇ, 33 ಸೆಂಟಿಮೀಟರ್. ಅಗಲ ಮಾತ್ರ 80. ಎ4 ಪುಟದ ಅಗಲ 21 ಸೆಂಟಿಮೀಟರ್ ಆದ್ದರಿಂದ ಮಾಸಿಕದ ಮೂರು ಪುಟಗಳನ್ನು ಅವುಗಳ ನಿಜವಾದ ಅಳತೆಯಲ್ಲೇ ಪಕ್ಕಪಕ್ಕ ಹರಡಿಕೊಳ್ಳಬಹುದು. ಲೇಖಕರ ಕೈಬರಹದ ಚಿತ್ರ ಎಡಕ್ಕೆ, ಡಿಟಿಪಿ ಆದ ಪುಟ ನಡುವೆ, ಬಲಕ್ಕೆ ನಿಘಂಟು ಎಂದು ಇಟ್ಟುಕೊಂಡು ತಿದ್ದಿದ ಆ ಹದಿನಾಲ್ಕು ದಿನಗಳ ಸುಖವನ್ನು ನಾನು ಮರೆತಿಲ್ಲ. ನಿಜವಾದ ಅರ್ಥದಲ್ಲಿ ‘ದೊಡ್ಡ ಪರದೆ’ ಇದೇ: 32 ಇಂಚಿನದು 27 ಇಂಚಿನದರಷ್ಟೇ ಪಿಕ್ಸೆಲ್‌ಗಳನ್ನು ಹಿಗ್ಗಿಸಿ ತೋರಿಸಿದರೆ, ಇದು ಹೆಚ್ಚಿನ ಜಾಗವನ್ನೇ ಕೊಡುತ್ತದೆ.

ಹಾಗಿದ್ದೂ ಕೊಳ್ಳಲಿಲ್ಲ. ಮೇಜಿನ ಮೂರನೇ ಎರಡು ಭಾಗ ಅದಕ್ಕೇ ಹೋಯಿತು, ಪ್ರಿಂಟರ್ ಕಪಾಟಿನ ಮೇಲೇರಿತು. ಆಟದಲ್ಲಿ ಸುಮಾರು 50 ಲಕ್ಷ ಪಿಕ್ಸೆಲ್‌ಗಳನ್ನು ಚಿತ್ರಿಸಬೇಕಾದ ಕಾರ್ಡ್, 32 ಇಂಚಿನದರ 37 ಲಕ್ಷದಲ್ಲಿ ಸಲೀಸಾಗಿ ಓಡುತ್ತಿದ್ದದ್ದು, ಏದುಸಿರು ಬಿಟ್ಟಿತು. ‘ಫೋರ್ಜಾ’ ಇಡೀ ಅಗಲವನ್ನು ಬಳಸಿಕೊಂಡು ಕಾರಿನ ಕಿಟಕಿಯ ಹೊರಗಿನ ಬೆಟ್ಟವನ್ನೂ ತೋರಿಸುತ್ತದೆ. ಆದರೆ ನಾನು ಹೆಚ್ಚು ಆಡುವ ‘ಎಲ್ಡನ್ ರಿಂಗ್’ ಎರಡೂ ಬದಿಗೆ ಕಪ್ಪು ಪಟ್ಟಿ ಹಾಕಿ ಮಾಮೂಲಿ ಪರದೆಯ 16:9 ಅನುಪಾತದಲ್ಲೇ ನಿಲ್ಲುತ್ತದೆ. ಪ್ಲೇಸ್ಟೇಷನ್ 5 ಇರುವವರಿಗೂ ಇದೇ ಪಾಡು. ಅದಕ್ಕೆ 1440ಪಿ ಬೆಂಬಲ 2022ರ ಸೆಪ್ಟೆಂಬರಿನಲ್ಲಿ ಬಂದಿದೆ, ಅಲ್ಟ್ರಾವೈಡ್ ಬೆಂಬಲ ಇಲ್ಲ. ಬೆಲೆಯ ವಿಚಾರದಲ್ಲಿ ಒಂದು ಮಾತು ಹೇಳಬೇಕು. 32 ಇಂಚು ಮೀರಿದ ಮಾನಿಟರುಗಳ ಮೇಲೆ ಮೊದಲು ಶೇಕಡಾ 28 ಜಿಎಸ್‌ಟಿ ಇತ್ತು, ಅದಕ್ಕಿಂತ ಚಿಕ್ಕವುಗಳ ಮೇಲೆ 18. 2025ರ ಸೆಪ್ಟೆಂಬರ್ 22ರಿಂದ ಎಲ್ಲಕ್ಕೂ 18 ಆಗಿದೆ. ಇಪ್ಪತ್ತು ಸಾವಿರದ ಮೂಲಬೆಲೆಗೆ ಎರಡು ಸಾವಿರದ ಉಳಿತಾಯವಾಗುವ ಲೆಕ್ಕ ಇದು; ನಾನು ವಿಚಾರಿಸಿದ್ದು ಅದಕ್ಕೂ ಮೊದಲು, ಆಗ ಅದು ನನ್ನ ಮಿತಿಯನ್ನು ದಾಟಿತ್ತು.

ಮೂರನೆಯದು 27 ಇಂಚಿನ ಸಮತಟ್ಟಾದ ಐಪಿಎಸ್. 2560×1440, 165 ಹರ್ಟ್ಸ್, ಹದಿನೇಳು ಸಾವಿರ ರೂಪಾಯಿ. ಈಗ ಇದನ್ನು ಬರೆಯುತ್ತಿರುವುದು ಇದರ ಮೇಲೆಯೇ. ಇಂಚಿಗೆ 109 ಪಿಕ್ಸೆಲ್ ಇದೆ, ಎರಡು ಎ4 ಪುಟಗಳು ಆರಾಮವಾಗಿ ಹಿಡಿಸುತ್ತವೆ, ಮೂಲೆಯಿಂದ ನೋಡಿದರೂ ಬಣ್ಣ ಬದಲಾಗುವುದಿಲ್ಲ. 60 ಹರ್ಟ್ಸ್‌ನಲ್ಲಿ ಹೊಸ ಚಿತ್ರ ಬರಲು 16.7 ಮಿಲಿಸೆಕೆಂಡ್ ಬೇಕು, 144ರಲ್ಲಿ 6.9, 165ರಲ್ಲಿ 6.1, ಮೊದಲ ಜಿಗಿತ ಮೌಸ್ ಅಲುಗಿಸಿದ ಕೂಡಲೇ ಅನುಭವಕ್ಕೆ ಬರುತ್ತದೆ, ಎರಡನೆಯದಕ್ಕೆ ಹೆಚ್ಚುವರಿ ಹಣ ಕೊಡಬೇಕಾಗಿಲ್ಲ. ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ ಈ ವೇಗವನ್ನು ನಾವೇ ಆರಿಸಬೇಕಾಗಬಹುದು ಎಂಬುದನ್ನು ಮಾತ್ರ ಮರೆಯಬಾರದು. ನನ್ನ ಭಾವಮೈದುನ 144 ಹರ್ಟ್ಸ್‌ಗೆಂದು ಹಣ ತೆತ್ತು ಎಂಟು ತಿಂಗಳು 60ರಲ್ಲೇ ಆಡಿದ್ದ.

ಕೊರತೆಗಳೂ ಇವೆ. ದೀಪ ಆರಿಸಿದರೆ ಕಪ್ಪು ಬೂದಿಯಾಗುತ್ತದೆ, ಕೆಳಗಿನ ಎಡಮೂಲೆಯಲ್ಲಿ ಮಂಜು ಕವಿದಂಥ ಹೊಳಪು ಇಣುಕುತ್ತದೆ. ಮಾನಿಟರಿನ ಹಿಂದೆ ಗೋಡೆಗೆ ಬೀಳುವಂತೆ ಮುನ್ನೂರು ರೂಪಾಯಿಯ ಎಲ್‌ಇಡಿ ಪಟ್ಟಿಯೊಂದನ್ನು ಅಂಟಿಸಿದ ಮೇಲೆ ಕಣ್ಣಿಗೆ ಅದು ಅಷ್ಟಾಗಿ ಕುಕ್ಕುತ್ತಿಲ್ಲ. ಸ್ಟ್ಯಾಂಡ್ ತೀರಾ ಕಳಪೆ: ಎತ್ತರ ಹೊಂದಿಸಲು ಬರುವುದಿಲ್ಲ, ಮನೆಯ ಹಿಂದಿನ ಹಳಿಯಲ್ಲಿ ಫಾಸ್ಟ್ ಲೋಕಲ್ ಹೋದಾಗಲೆಲ್ಲ ಪರದೆ ತಲೆಯಾಡಿಸುತ್ತಿತ್ತು. ಹಿಂಬದಿಯಲ್ಲಿ ತೋಳು ಜೋಡಿಸಲೆಂದೇ ಇರುವ 100×100 ಮಿಲಿಮೀಟರಿನ ವೆಸಾ ರಂಧ್ರಗಳಿದ್ದುದರಿಂದ ಮೇಜಿನ ಅಂಚಿಗೆ ಬಿಗಿಯುವ ತೋಳೊಂದನ್ನು ತಂದೆ. ಅದರಿಂದ ಪರದೆ ಗೋಡೆಗೆ ಒತ್ತಿ ನಿಂತು, 65 ಸೆಂಟಿಮೀಟರಿನ ಅಂತರ 78 ಆಯಿತು. 27 ಇಂಚಿನ ಈ ಪರದೆಗೆ ಲೆಕ್ಕ ಕೇಳುವ ದೂರ 80. ಮೇಲಾಗಿ, ಬಲತುದಿಯಲ್ಲಿ ಒಂದು ಪಿಕ್ಸೆಲ್ ಮೊದಲ ದಿನದಿಂದಲೇ ಸತ್ತಿದೆ. ಕೊಂಡ ಅಂಗಡಿಗೆ ಹೋದರೆ, ಒಂದು ಪಿಕ್ಸೆಲ್ ದೋಷದ ಲೆಕ್ಕಕ್ಕೆ ಬರುವುದಿಲ್ಲವೆಂದು ವಾರಂಟಿ ಕಾರ್ಡಿನ ಸಣ್ಣಕ್ಷರಗಳತ್ತ ಬೆರಳು ತೋರಿಸಿದರು. ಪೆಟ್ಟಿಗೆಯನ್ನು ಅಂಗಡಿಯಲ್ಲೇ ಬಿಚ್ಚಿಸಿ, ಪೂರ್ತಿ ಬಿಳಿ ಮತ್ತು ಪೂರ್ತಿ ಕಪ್ಪು ಪರದೆ ಹಾಕಿಸಿ ನೋಡದೆ ಇದ್ದದ್ದು ನನ್ನದೇ ತಪ್ಪು.

43 ಇಂಚಿನ 4ಕೆ ಟಿವಿಯನ್ನೇ ಮಾನಿಟರಾಗಿ ಇಟ್ಟುಕೊಳ್ಳಬಾರದೇಕೆಂದು ಕೇಳುವವರಿದ್ದಾರೆ. ನೆರೆಮನೆಯ ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿ ಒಂದು ಸಂಜೆ ನೋಡಿದೆ. ಬಣ್ಣದ ಮಾಹಿತಿಯನ್ನು ಅರ್ಧಕ್ಕಿಳಿಸಿ ತೋರಿಸುವ ಮೋಡಿನಲ್ಲಿ ಅದು ಇದ್ದುದರಿಂದ ಬಿಳಿಯ ಮೇಲಿನ ಕೆಂಪು ಅಕ್ಷರಗಳ ಅಂಚು ಹಿಂಜಿದ ಹತ್ತಿಯಂತಿತ್ತು. ಪಿಸಿ ಮೋಡಿಗೆ ಬದಲಿಸಿದಾಗ ಸರಿಹೋಯಿತು. ಆದರೆ 95 ಸೆಂಟಿಮೀಟರ್ ಅಗಲದ ಪರದೆಯನ್ನು ಎರಡಡಿಯಿಂದ ನೋಡುವುದೆಂದರೆ ಟೆನ್ನಿಸ್ ಪಂದ್ಯಕ್ಕೆ ಹೋದಂತೆ ಕತ್ತು ಆಡಿಸುತ್ತಿರಬೇಕು, ವೇಗವೂ 60 ಹರ್ಟ್ಸ್.

32 ಇಂಚಿನದನ್ನು ಮಾರಿಬಿಡುವ ಯೋಚನೆಯಿತ್ತು. ಒಂದು ಬೆಳಿಗ್ಗೆ ಅದನ್ನು ಹಾಲಿನ ಮೂಲೆಯ ಮೇಜಿನ ಮೇಲಿಟ್ಟು, ಹಳೆಯ ಲ್ಯಾಪ್‌ಟಾಪಿಗೆ ಜೋಡಿಸಿ, ಅಪ್ಪನಿಗೆ ಊರಿನ ಪತ್ರಿಕೆಯ ಇ-ಪೇಪರ್ ತೆರೆದುಕೊಟ್ಟೆ. ಅವರು ಕುರ್ಚಿಯನ್ನು ಹಿಂದಕ್ಕೆ ಎಳೆದು, ಕನ್ನಡಕ ಸರಿಮಾಡಿಕೊಂಡು, ಓದತೊಡಗಿದರು. ಕುತೂಹಲಕ್ಕೆ ಟೇಪು ಹಿಡಿದು ನೋಡಿದೆ: ಕಣ್ಣಿನಿಂದ ಪರದೆಗೆ 98 ಸೆಂಟಿಮೀಟರ್. ಮಾರುವ ಮಾತು ಮತ್ತೆ ಎತ್ತಲಿಲ್ಲ.