ಪೈನ್ ಟೇಬಲ್ ಮಾಡಿಸ್ತಿದ್ದೀರಾ? ಮುಂಗಡ ಕೊಡೋ ಮೊದಲು ಇದನ್ನು ಓದಿ

ಪೈನ್ ಹಲಗೆ ಜೋಡಿಸಿ ಊಟದ ಟೇಬಲ್ಲೋ, ಮಂಚದ ತಲೆಹಲಗೆಯೋ, ಕಪಾಟಿನ ಬಾಗಿಲೋ ಮಾಡಿಸಲು ಹೊರಟವರು ದಯವಿಟ್ಟು ಒಂದು ಪ್ರಶ್ನೆ ಕೇಳಿ: "ಈ ಹಲಗೆ ಅಗಲಕ್ಕೆ ಕುಗ್ಗಿದರೆ, ಹಿಗ್ಗಿದರೆ, ಜಾಗ ಎಲ್ಲಿ ಬಿಟ್ಟಿದ್ದೀರಿ?" ಸರಿಯಾದ ಉತ್ತರ ಬರದಿದ್ದರೆ ಅಲ್ಲಿ ದುಡ್ಡು ಕೊಡಬೇಡಿ. ಅಂಗಡಿ ಎಷ್ಟೇ ದೊಡ್ಡದಿರಲಿ, ಫೋಟೋ ಎಷ್ಟೇ ಚೆಂದ ಇರಲಿ.

ನಮ್ಮದು ಕಲಬುರಗಿ. ತಂಗಿ ಇರುವುದು ಮಂಗಳೂರಿನ ಕಡೆ. ಅಲ್ಲಿನ ಒಂದು ವರ್ಕ್‌ಶಾಪಿನಲ್ಲಿ ಪೈನ್ ಕೆಲಸ ಚೆನ್ನಾಗಿ ಮಾಡ್ತಾರೆ ಅಂತ ಅವಳು ಹೇಳಿದಳು. ಆರು ಜನ ಕೂರುವ ಟೇಬಲ್ ಮಾಡಲು ಹೇಳಿದೆವು. ಅಗಲ 3 ಅಡಿ, ಉದ್ದ 6 ಅಡಿ. ಕಲಬುರಗಿಗೆ ಒಯ್ಯುತ್ತೇವೆ ಅಂತ ಮೊದಲೇ ಸ್ಪಷ್ಟವಾಗಿ ತಿಳಿಸಿದ್ದೆವು. ಕೆಲಸ ನಡೆದದ್ದು ಜುಲೈನಲ್ಲಿ, ಜಡಿಮಳೆಯ ನಡುವೆ. ಬಂದಾಗ ಟೇಬಲ್ ನಿಜಕ್ಕೂ ಸುಂದರವಾಗಿತ್ತು. ನಡುವೆ ಜೋಡಿಸಿದ ಹಲಗೆಗಳು, ಸುತ್ತ ನಾಲ್ಕು ಬೆರಳು ಅಗಲದ ಚೌಕಟ್ಟು, ಕೆಳಗೆ ಮೂರು ಅಡ್ಡಪಟ್ಟಿ. ಎಲ್ಲ ಕಡೆ ಅಂಟು ಹಚ್ಚಿ, ಮೇಲೆ ಸ್ಕ್ರೂ ಕೂಡ ಬಿಗಿದಿದ್ದರು. "ಜನ್ಮದಲ್ಲಿ ಅಲ್ಲಾಡಲ್ಲ ಸಾರ್" ಅಂದಿದ್ದರು. ಕೇಡಾಗಿದ್ದೇ ಆ ಬಿಗಿತದಿಂದ.

ದೀಪಾವಳಿ ಕಳೆದ ಮೇಲೆ ಟೇಬಲ್ಲಿನ ತುದಿಯಲ್ಲಿ ಕೂದಲೆಳೆಯಂಥ ಗೆರೆ ಕಾಣಿಸಿತು. ಶಿವರಾತ್ರಿ ದಾಟುವ ಹೊತ್ತಿಗೆ ಒಂದು ರಾತ್ರಿ ಫಟ್ ಅಂತ ಸದ್ದು. ಬೆಳಗ್ಗೆ ನೋಡಿದರೆ ಅರ್ಧ ಟೇಬಲ್ಲಿಗಿಂತ ಉದ್ದದ ಸೀಳು, ನಾಣ್ಯ ಒಳಗೆ ಹೋಗುವಷ್ಟು ಅಗಲ. ಒಂದು ವಿಷಯ ಗಮನಿಸಿ: ಸೀಳು ಬಂದದ್ದು ಅಂಟಿನ ಗೆರೆಯಲ್ಲಿ ಅಲ್ಲ, ಅದರ ಪಕ್ಕದ ಮರದಲ್ಲಿ. ಸರಿಯಾಗಿ ಕೂತ ಮರದ ಅಂಟು ಪೈನ್‌ಗಿಂತ ಗಟ್ಟಿ. ಎಳೆತ ಬಂದಾಗ ಅಂಟು ಹಿಡಿದುಕೊಳ್ಳುತ್ತದೆ, ಮರ ಹರಿಯುತ್ತದೆ. ಆದ್ದರಿಂದ "ಇನ್ನೂ ಒಳ್ಳೆಯ ಅಂಟು ಹಾಕ್ತೀವಿ" ಅನ್ನುವುದು ಇದಕ್ಕೆ ಪರಿಹಾರವೇ ಅಲ್ಲ.

ಫೋನ್ ಮಾಡಿದರೆ ವರ್ಕ್‌ಶಾಪಿನವರು, "ಪೈನ್ ಅಂದ್ರೆ ಹಾಗೇ ಸಾರ್, ನ್ಯಾಚುರಲ್ ವುಡ್ ಅಲ್ವಾ, ಸ್ವಲ್ಪ ಪುಟ್ಟಿ ತುಂಬಿಸಿ" ಅಂದರು. ಈ ಮಾತು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಪೈನ್‌ನಲ್ಲಿ ಮಾಡಿದ ಎಷ್ಟೋ ಬಾಗಿಲು, ಟೇಬಲ್ಲುಗಳು ಒಂದು ಸೀಳೂ ಇಲ್ಲದೆ ಹತ್ತಾರು ವರ್ಷ ಬಾಳುತ್ತವೆ. ಮರದ ಮೇಲೆ ತಪ್ಪು ಹೊರಿಸುವುದು ಸುಲಭ, ಅಷ್ಟೆ.

ನಮ್ಮ ಓಣಿಯ ಬಡಿಗೇರ ಕಾಕಾ ಬಂದು ಟೇಬಲ್ ಬೋರಲು ಹಾಕಿ ನೋಡಿದರು. ಕೆಳಗಿನ ಪಟ್ಟಿಗಳ ಮೇಲೆ ಕೈಯಾಡಿಸಿ, "ಅಡ್ಡ ಬಿಗಿದುಬಿಟ್ಟಾರ್ರೀ. ಹಲಗಿ ಪಾಪ ಎಲ್ಲಿ ಹೋಗಬೇಕು?" ಅಂದರು. ಇಡೀ ಕತೆ ಆ ಮಾತಿನಲ್ಲೇ ಇದೆ.

ಮರ ಗಾಳಿಯ ತೇವ ಹೀರುತ್ತದೆ, ಬಿಡುತ್ತದೆ. ಪಾಲಿಶ್ ಹಚ್ಚಿದರೂ ಇದು ನಿಲ್ಲುವುದಿಲ್ಲ, ನಿಧಾನ ಆಗುತ್ತದೆ ಅಷ್ಟೆ. ಗಾಳಿಯಲ್ಲಿ ತೇವ 85% ಇರುವ ಕಡೆ ಮರ ಬಹಳ ದಿನ ಇದ್ದರೆ ಅದರೊಳಗಿನ ನೀರು ಸುಮಾರು 17–18%ಕ್ಕೆ ಬಂದು ನಿಲ್ಲುತ್ತದೆ. 40% ಇರುವ ಕಡೆ ಸುಮಾರು 7–8%. ಕರಾವಳಿಯ ಮಳೆಗಾಲದಿಂದ ಕಲಬುರಗಿಯ ಬೇಸಿಗೆಗೆ ಬಂದ ಟೇಬಲ್ ದಾಟುವುದು ಹೆಚ್ಚುಕಡಿಮೆ ಇಷ್ಟೇ ಅಂತರವನ್ನು. ನೀರು ಬಿಟ್ಟಾಗ ಮರ ಉದ್ದಕ್ಕೆ ಕುಗ್ಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕುಗ್ಗುವುದು ಅಗಲಕ್ಕೆ. ಸಾಮಾನ್ಯವಾಗಿ ಕೊಯ್ದ ಪೈನ್ ಹಲಗೆ, ತನ್ನೊಳಗಿನ ತೇವ ಒಂದೊಂದು ಶೇಕಡ ಇಳಿದಂತೆ ಅಗಲದಲ್ಲಿ ಸುಮಾರು 0.2% ಕುಗ್ಗುತ್ತದೆ. ಲೆಕ್ಕ ಹಾಕಿ ನೋಡಿ. 90 ಸೆಂಟಿಮೀಟರ್ ಅಗಲದ ಟೇಬಲ್, ಮರದೊಳಗಿನ ತೇವ 16%ರಿಂದ 8%ಕ್ಕೆ ಇಳಿದರೆ ಸುಮಾರು 14 ಮಿಲಿಮೀಟರ್ ಕುಗ್ಗಬೇಕು. ಆದರೆ ಅದಕ್ಕೆ ಅಡ್ಡಲಾಗಿ ಅಂಟಿಸಿದ ಪಟ್ಟಿ ತನ್ನ ಉದ್ದದಲ್ಲಿ ಕುಗ್ಗುವುದಿಲ್ಲ. ಹಲಗೆ ಒಳಗೆ ಎಳೆಯುತ್ತದೆ, ಪಟ್ಟಿ ಬಿಡುವುದಿಲ್ಲ. ಆ 14 ಮಿಲಿಮೀಟರ್ ಎಲ್ಲೋ ಒಂದು ಕಡೆ ಬಾಯಿ ಬಿಡಲೇಬೇಕು.

ಸಾಗುವಾನಿಗೂ ಇದೇ ನಿಯಮ. ಆದರೆ ಅದು ಪೈನ್‌ನಷ್ಟು ಕುಗ್ಗಿ ಹಿಗ್ಗುವುದಿಲ್ಲ. ಪೈನ್ ತೇವವನ್ನು ಬೇಗ ಕೊಡುತ್ತದೆ, ಬೇಗ ತೆಗೆದುಕೊಳ್ಳುತ್ತದೆ. ನಾರಿಗೆ ಅಡ್ಡಲಾಗಿ ಎಳೆದರೆ ಅದರ ತಾಕತ್ತು ಬಹಳ ಕಡಿಮೆ. ಗಂಟು ಇದ್ದ ಕಡೆ ಇನ್ನೂ ಕಡಿಮೆ.

ಇನ್ನು ಮಾರುವವರ ಮಾತುಗಳು. "ಟ್ರೀಟೆಡ್ ಪೈನ್ ಸಾರ್" ಅಂತಾರೆ. ಟ್ರೀಟ್ ಮಾಡುವುದು ಹುಳ, ಶಿಲೀಂಧ್ರ ಬರದಿರಲಿ ಅಂತ. ಒಣಗಿಸುವುದು ಬೇರೆ ಕೆಲಸ. ಪ್ಯಾಕಿಂಗ್ ಪೆಟ್ಟಿಗೆ, ಪ್ಯಾಲೆಟ್ ಬಿಚ್ಚಿದ ಪೈನ್ ಮೇಲೆ "ಎಚ್‌ಟಿ" ಅಂತ ಮುದ್ರೆ ಇರುತ್ತದಲ್ಲ, ಅದರ ಅರ್ಥ ಮರದ ಒಳಭಾಗ 56 ಡಿಗ್ರಿ ಬಿಸಿಯಲ್ಲಿ 30 ನಿಮಿಷ ಇತ್ತು ಅಂತ ಮಾತ್ರ. ಅರ್ಧ ಗಂಟೆಯಲ್ಲಿ ಹುಳ ಸಾಯುತ್ತದೆ, ಹಲಗೆ ಒಣಗುವುದಿಲ್ಲ. "ಫಿಂಗರ್ ಜಾಯಿಂಟ್ ಬೋರ್ಡ್ ಬಿರುಕು ಬಿಡಲ್ಲ" ಅನ್ನುವವರೂ ಇದ್ದಾರೆ. ಆ ಬೆರಳು ಜೋಡಣೆ ತುಂಡುಗಳನ್ನು ಉದ್ದಕ್ಕೆ ಸೇರಿಸುತ್ತದೆ. ಅಗಲದ ಕುಗ್ಗುವಿಕೆ ಹಾಗೇ ಉಳಿಯುತ್ತದೆ.

ಹಾಗಾಗಿ ಅಂಕಿ ಕೇಳಿ. ಮಾಯಿಶ್ಚರ್ ಮೀಟರ್ ಅನ್ನುವ ಸಣ್ಣ ಯಂತ್ರ ಇದೆ, ಎರಡು ಮುಳ್ಳು ಚುಚ್ಚಿದರೆ ತೇವ ತೋರಿಸುತ್ತದೆ. ಅದನ್ನು ಇಟ್ಟುಕೊಳ್ಳದ ವರ್ಕ್‌ಶಾಪನ್ನು ನಾನಂತೂ ಇನ್ನು ನಂಬುವುದಿಲ್ಲ. ಎಷ್ಟಿರಬೇಕು ಅನ್ನುವುದು ಟೇಬಲ್ ಬಾಳುವ ಊರಿನ ಮೇಲೆ ನಿಂತಿದೆ, ತಯಾರಾಗುವ ಊರಿನ ಮೇಲಲ್ಲ. ಐಎಸ್ 287 ಅನ್ನುವ ಭಾರತೀಯ ಮಾನಕ ಇದಕ್ಕೆಂದೇ ದೇಶವನ್ನು ಗಾಳಿಯ ತೇವದ ಪ್ರಕಾರ ನಾಲ್ಕು ವಲಯ ಮಾಡಿದೆ. ಕಲಬುರಗಿ, ರಾಯಚೂರಿನ ಮನೆಯೊಳಗಿನ ಸಾಮಾನಿಗೆ ನಾನು 8–10% ಕೇಳುತ್ತೇನೆ. ಕರಾವಳಿಯವರಿಗೆ 12–14% ಇದ್ದರೂ ನಡೆಯುತ್ತದೆ. ಒಂದು ಹಲಗೆಗೂ ಪಕ್ಕದ ಹಲಗೆಗೂ 2%ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು, ಇದ್ದರೆ ಎರಡೂ ಬೇರೆ ಬೇರೆ ಅಳತೆಯಲ್ಲಿ ಕುಗ್ಗುತ್ತವೆ. ಸಾಧ್ಯವಾದರೆ ಜೋಡಿಸುವ ಮೊದಲು ಹಲಗೆಗಳನ್ನು ನಿಮ್ಮೂರಿನಲ್ಲೇ, ನೆರಳಲ್ಲಿ, ನಡುನಡುವೆ ಸಣ್ಣ ರೀಪು ಇಟ್ಟು ಕೆಲವು ವಾರ ಪೇರಿಸಿಡಿ. ಮರದ ಬಗ್ಗೆ ಅಧಿಕೃತವಾಗಿ ತಿಳಿಯಬೇಕು ಅನ್ನುವವರಿಗೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ.

ಹಲಗೆ ಆರಿಸುವಾಗ ಕಾಂಡದ ನಟ್ಟನಡುವಿನ ತಿರುಳು ಇರುವ ತುಂಡು ಬೇಡ ಅನ್ನಿ. ಹಲಗೆಯ ಕೊಯ್ದ ತುದಿಯಲ್ಲಿ ವೃತ್ತಗಳ ಕೇಂದ್ರವೇ ಕಾಣುತ್ತಿದ್ದರೆ ಅದು ಸೀಳಿಯೇ ಸೀಳುತ್ತದೆ. 3–4 ಇಂಚಿನ ಕಿರಿದಾದ ಹಲಗೆಗಳು ಒಂದೇ ಅಗಲ ಹಲಗೆಗಿಂತ ಚಪ್ಪಟೆಯಾಗಿ ಉಳಿಯುತ್ತವೆ. ಜೋಡಿಸುವಾಗ ಅಂಚು ನೇರ ಇರಬೇಕು. ಅಂಟು ಇಲ್ಲದೆ ಪಕ್ಕಪಕ್ಕ ಇಟ್ಟರೂ ಬೆಳಕು ತೂರಬಾರದು. ಸಂದು ಇದ್ದದ್ದನ್ನು ಕ್ಲಾಂಪಿನಿಂದ ಹಿಂಡಿ ಮುಚ್ಚಿದರೆ ಆ ಸೆಳೆತ ಮರದೊಳಗೇ ಉಳಿದು, ಒಣ ಹವೆ ಬಂದಾಗ ತುದಿಯಿಂದ ಬಿಚ್ಚಲು ಶುರುವಾಗುತ್ತದೆ.

ಎಲ್ಲಕ್ಕಿಂತ ಮುಖ್ಯ ಕೆಳಗಿನ ಕಟ್ಟುವಿಕೆ. ಅಡ್ಡಪಟ್ಟಿಗೆ ಅಂಟು ಹಚ್ಚಲೇಬಾರದು. ನಡುವಿನ ಸ್ಕ್ರೂ ಒಂದೇ ಬಿಗಿಯಾಗಿರಲಿ. ಉಳಿದವುಗಳಿಗೆ ಪಟ್ಟಿಯಲ್ಲಿ ದುಂಡು ತೂತಿನ ಬದಲು ಉದ್ದ ತೂತು ಕೊರೆದು, ವಾಷರ್ ಹಾಕಿ, ಸ್ಕ್ರೂ ಜಾರುವಷ್ಟು ಮಾತ್ರ ಬಿಗಿಯಬೇಕು. ತೂತಿನ ಉದ್ದ ಟೇಬಲ್ಲಿನ ಅಗಲದ ದಿಕ್ಕಿಗೇ ಇರಬೇಕು. ಕಾಲಿನ ಚೌಕಟ್ಟಿಗೆ ಹಲಗೆ ಕೂರಿಸಲು ಜೆಡ್ ಕ್ಲಿಪ್ ಅಂತ, ಇಂಗ್ಲಿಷಿನ Z ಆಕಾರದ ಸಣ್ಣ ಲೋಹದ ಪಟ್ಟಿಗಳು ಸಿಗುತ್ತವೆ, ಅಗ್ಗ. ತುದಿಗೆ ಅಡ್ಡ ಹಲಗೆ ಬೇಕೇ ಬೇಕು ಅಂದರೆ ನಡುವೆ ಮಾತ್ರ ಅಂಟು, ಎರಡೂ ಬದಿ ಸಡಿಲ. ಮೂಲೆ ಕತ್ತರಿಸಿ ಸೇರಿಸಿದ ಫೋಟೋ ಫ್ರೇಮಿನಂಥ ಸುತ್ತು ಚೌಕಟ್ಟು ಮಾತ್ರ ಗಟ್ಟಿ ಹಲಗೆಗೆ ಬೇಡವೇ ಬೇಡ. ಅದು ಪ್ಲೈವುಡ್ಡಿಗೆ ಸರಿ. ನಮ್ಮ ಹಳೆಯ ಮನೆಗಳ ಬಾಗಿಲು ನೋಡಿ: ಚೌಕಟ್ಟಿನ ಗ್ರೂವ್ ಒಳಗೆ ಹಲಗೆ ಅಂಟಿಲ್ಲದೆ ಸಡಿಲವಾಗಿ ಕೂತಿರುತ್ತದೆ. ಆ ಬಡಗಿಗಳಿಗೆ ಮೀಟರ್ ಇರಲಿಲ್ಲ, ಮರದ ಸ್ವಭಾವ ಗೊತ್ತಿತ್ತು.

ಪಾಲಿಶ್ ವಿಷಯ. ಮೇಲೆ ಮೂರು ಕೋಟು, ಕೆಳಗೆ ಬರೀ ಮರ, ಹೀಗೆ ಮಾಡಿ ಕೊಡುವವರೇ ಜಾಸ್ತಿ. ಆಗ ಒಂದು ಬದಿ ಬೇಗ ಒಣಗಿ ಹಲಗೆ ಬಾಗುತ್ತದೆ. ಮೇಲೆ ಎಷ್ಟೋ ಕೆಳಗೂ ಅಷ್ಟೇ ಕೋಟು ಕೇಳಿ. ಹಲಗೆಯ ಕೊನೆಗಳಿಗೆ ಒಂದು ಕೋಟು ಹೆಚ್ಚಿಗೆ ಇರಲಿ, ಯಾಕೆಂದರೆ ಮರ ಅತಿ ಬೇಗ ನೀರು ಬಿಡುವುದು ಅಲ್ಲಿಂದಲೇ. ಟೇಬಲ್ಲನ್ನು ಎಸಿ ಗಾಳಿ ನೇರ ಬಡಿಯುವ ಕಡೆ, ಮಧ್ಯಾಹ್ನದ ಬಿಸಿಲು ಬೀಳುವ ಕಿಟಕಿ ಹತ್ತಿರ ಇಡಬೇಡಿ.

ಆಗಲೇ ಸೀಳು ಬಿಟ್ಟಿದ್ದರೆ ಪುಟ್ಟಿ ತುಂಬಬೇಡಿ. ಮಳೆಗಾಲದಲ್ಲಿ ಹಲಗೆ ಹಿಗ್ಗಿದಾಗ ಆ ಪುಟ್ಟಿ ಅಡ್ಡ ಬಂದು ಇನ್ನೊಂದು ಕಡೆ ಒತ್ತಡ ಹಾಕುತ್ತದೆ. ಮೊದಲು ಅಡ್ಡಪಟ್ಟಿಯ ಸ್ಕ್ರೂ ಸಡಿಲಿಸಿ. ಎಷ್ಟೋ ಸಲ ಸೀಳು ತಾನೇ ಮುಕ್ಕಾಲು ಮುಚ್ಚಿಕೊಳ್ಳುತ್ತದೆ. ನಮ್ಮದರಲ್ಲಿ ಪಟ್ಟಿಗೆ ಅಂಟೂ ಇತ್ತು, ಹಾಗಾಗಿ ಕಾಕಾ ಪಟ್ಟಿಗಳನ್ನು ಉಳಿಯಿಂದ ಎಬ್ಬಿಸಿ, ಚೌಕಟ್ಟನ್ನು ಕೊಯ್ದು ತೆಗೆದರು. ಸೀಳಿನ ಗುಂಟ ಹಲಗೆ ಕೊಯ್ದು, ಅಂಚು ಹೊಸದಾಗಿ ನೇರ ಮಾಡಿ, ಏಪ್ರಿಲ್‌ನ ಒಣ ಹವೆಯಲ್ಲೇ ಅಂಟಿಸಿದರು. ಹೊಸ ಪಟ್ಟಿಗಳಿಗೆ ಉದ್ದ ತೂತು. ಟೇಬಲ್ ಮೊದಲಿಗಿಂತ ಸ್ವಲ್ಪ ಚಿಕ್ಕದಾಯಿತು. ಮಳೆಗಾಲದಲ್ಲಿ ಹಿಗ್ಗಿತು, ಮತ್ತೆ ಕುಗ್ಗಿತು, ಎಲ್ಲೂ ಬಾಯಿ ಬಿಟ್ಟಿಲ್ಲ.

ವರ್ಕ್‌ಶಾಪಿನವರು ಒಂದು ರೂಪಾಯಿಯೂ ವಾಪಸ್ ಕೊಡಲಿಲ್ಲ. ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ "ನೈಸರ್ಗಿಕ ಬಿರುಕಿಗೆ ಹೊಣೆ ಇಲ್ಲ" ಅಂತ ಇತ್ತು. ನೀವು ಮಾಡಿಸುವಾಗ ಆ ಸಾಲು ಹೊಡೆದುಹಾಕಿಸಿ. ಅದರ ಜಾಗದಲ್ಲಿ ಮೂರು ವಿಷಯ ಬರೆಸಿಕೊಳ್ಳಿ: ಜೋಡಿಸಿದ ದಿನ ಹಲಗೆಯ ತೇವ ಎಷ್ಟು, ಟೇಬಲ್ ಇರುವ ಊರು ಯಾವುದು, ಅಡ್ಡಪಟ್ಟಿ ಕೂರಿಸಿದ್ದು ಹೇಗೆ. ಹಲಗೆ ಬೋರಲು ಇರುವಾಗ ಕೆಳಭಾಗದ ಒಂದು ಫೋಟೋ ಕೂಡ ಕಳಿಸಲು ಹೇಳಿ. ಕೊನೆಯ ಕಂತು ಕೊಡುವುದು ಆ ಫೋಟೋ ನೋಡಿದ ಮೇಲೆ.