ನಿವೃತ್ತಿಯ ನಂತರದ ಮೊದಲ ಪುಸ್ತಕ, ಅದೂ ಕ್ರಿಪ್ಟೋ ಮೇಲೆ: ಪ್ರಿಂಟ್ ಆನ್ ಡಿಮ್ಯಾಂಡ್ ಸೇವೆಯ ದೀರ್ಘ ಬಳಕೆಯ ವಿಮರ್ಶೆ

ಸೇವೆ: ಲೇಖಕರೇ ಪಿಡಿಎಫ್ ಏರಿಸಿ, ಆರ್ಡರ್ ಬಂದಷ್ಟೇ ಪ್ರತಿ ಅಚ್ಚು ಹಾಕಿಸುವ ವ್ಯವಸ್ಥೆ
ಪುಸ್ತಕ: ಕನ್ನಡ, ಡೆಮಿ 1/8, ಸುಮಾರು 200 ಪುಟ, ಒಳಗೆ ಕಪ್ಪು-ಬಿಳುಪು
ಊರು: ಬೆಳಗಾವಿ. ಎರಡನೇ ಆವೃತ್ತಿ ಹೊರಬಂದ ಮೇಲೆ ಬರೆದದ್ದು.
ಅಂಕ: 5ಕ್ಕೆ 4

ನಮ್ಮ ಕಡೆ ಪುಸ್ತಕ ಮಾಡಿಸಲು ಹೊರಟ ನಿವೃತ್ತರು ಮೊದಲು ಕೇಳುವುದು "ಒಂದು ಪ್ರತಿಗೆ ಎಷ್ಟು ಬೀಳ್ತದ?" ಅಂತ. ಅದೊಂದೇ ಲೆಕ್ಕವಾದರೆ ಒಟ್ಟಿಗೆ ನೂರಾರು ಪ್ರತಿ ಹಾಕುವ ಆಫ್‌ಸೆಟ್ಟೇ ಗೆಲ್ಲುತ್ತದೆ. ಬೆಳಗಾವಿ, ಗದಗ, ಹುಬ್ಬಳ್ಳಿ ಎಲ್ಲೇ ಆಗಲಿ, 500 ಪ್ರತಿ ಹಾಕಿಸಿದರೆ ಪ್ರತಿಯೊಂದರ ಖರ್ಚು ಪ್ರಿಂಟ್ ಆನ್ ಡಿಮ್ಯಾಂಡ್‌ಗಿಂತ ಸಾಕಷ್ಟು ಕಡಿಮೆ. ಆದರೆ ಕ್ರಿಪ್ಟೋ, ಅಂದರೆ ಬಿಟ್‌ಕಾಯಿನ್‌ನಂಥ ಡಿಜಿಟಲ್ ನಾಣ್ಯಗಳ ಪುಸ್ತಕಕ್ಕೆ ಕೇಳಬೇಕಾದದ್ದು ಬೇರೆ: ಅಚ್ಚಾದ ಪುಟ ಎಷ್ಟು ದಿನ ನಿಜವಾಗಿ ಉಳಿಯುತ್ತದೆ?

ಕ್ರಿಪ್ಟೋ ವ್ಯವಹಾರಕ್ಕೆ ಬ್ಯಾಂಕ್‌ಗಳು ಸೇವೆ ಕೊಡಬಾರದೆಂದ 2018ರ ಏಪ್ರಿಲ್ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ರದ್ದು ಮಾಡಿತು. 2022ರ ಏಪ್ರಿಲ್ 1ರಿಂದ ಲಾಭದ ಮೇಲೆ ಶೇ 30 ತೆರಿಗೆ, ಜುಲೈ 1ರಿಂದ ಶೇ 1 ಟಿಡಿಎಸ್ ಬಂತು. ಅದೇ ವರ್ಷ ಸೆಪ್ಟೆಂಬರ್ 15ರಂದು ಎಥೀರಿಯಂ ಎಂಬ ಕ್ರಿಪ್ಟೋ ಜಾಲ ಮೈನಿಂಗ್ (ಕಂಪ್ಯೂಟರ್ ದುಡಿಸಿ ವ್ಯವಹಾರ ದೃಢೀಕರಿಸುವುದು) ಬಿಟ್ಟು ಪ್ರೂಫ್ ಆಫ್ ಸ್ಟೇಕ್‌ಗೆ (ನಾಣ್ಯ ಒತ್ತೆ ಇಟ್ಟವರು ದೃಢೀಕರಿಸುವುದು) ಹೊರಳಿತು. 2023ರ ಮಾರ್ಚ್‌ನಲ್ಲಿ ಕ್ರಿಪ್ಟೋ ಕೊಳ್ಳುವ-ಮಾರುವ ಎಕ್ಸ್‌ಚೇಂಜ್‌ಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿ ಬಂದವು. 2024ರ ಏಪ್ರಿಲ್‌ನಲ್ಲಿ ಬಿಟ್‌ಕಾಯಿನ್ ಬ್ಲಾಕ್ (ವ್ಯವಹಾರಗಳ ಕಂತೆ) ಸೇರಿಸಿದವರಿಗೆ ಸಿಗುವ ಬಹುಮಾನ 6.25ರಿಂದ 3.125 ಬಿಟ್‌ಕಾಯಿನ್‌ಗೆ ಇಳಿಯಿತು. ತೆರಿಗೆ ಅಧ್ಯಾಯದಲ್ಲಿ ಈ ಶೇ 30 ತೆರಿಗೆಯ ಕಲಂ 115ಬಿಬಿಎಚ್ ಎಂದು ಬರೆದವರು ಅದನ್ನೂ ತಿದ್ದಬೇಕು, ಏಕೆಂದರೆ 2026ರ ಏಪ್ರಿಲ್ 1ರಿಂದ ಅನ್ವಯಿಸುವ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಂಗಳ ಸಂಖ್ಯೆಗಳೇ ಬೇರೆ. ಅಟ್ಟದ ಮೇಲೆ 400 ಪ್ರತಿ ಕಟ್ಟಿಟ್ಟವರಿಗೆ ಇವೆಲ್ಲ ಒಂದೊಂದು ನಷ್ಟ. ಪ್ರಿಂಟ್ ಆನ್ ಡಿಮ್ಯಾಂಡ್‌ನಲ್ಲಾದರೆ ಪಿಡಿಎಫ್ ಬದಲಿಸಿದರೆ ಮುಂದಿನ ಓದುಗರಿಗೆ ಹೊಸ ಪುಟವೇ ಹೋಗುತ್ತದೆ. ನಾಲ್ಕು ಅಂಕ ಕೊಟ್ಟಿದ್ದು ಈ ಒಂದು ಗುಣಕ್ಕೆ.

ಈ ಗುಣ ದಕ್ಕಬೇಕೆಂದರೆ ಪುಸ್ತಕವನ್ನು ಮೊದಲೇ ಅದಕ್ಕೆ ತಕ್ಕಂತೆ ಕಟ್ಟಬೇಕು. ತೆರಿಗೆ, ಕಾನೂನು, ಎಕ್ಸ್‌ಚೇಂಜ್ ಶುಲ್ಕದಂಥ ಬದಲಾಗುವ ವಿಷಯವನ್ನೆಲ್ಲ ಕೊನೆಯ ಅಧ್ಯಾಯಕ್ಕೆ ತಳ್ಳಿ, ಅದರ ಹಿಂದೆ ನಾಲ್ಕಾರು ಖಾಲಿ ಪುಟ 'ಟಿಪ್ಪಣಿಗೆ' ಎಂದು ಬಿಡಿ. ತಿದ್ದಿದಾಗ ಹೆಚ್ಚಿದ ಪುಟ ಆ ಖಾಲಿ ಜಾಗವನ್ನು ತಿನ್ನುತ್ತದೆ, ಒಟ್ಟು ಪುಟಸಂಖ್ಯೆ ಹಾಗೇ ಉಳಿಯುತ್ತದೆ. ಪುಟ ಹೆಚ್ಚಾದರೆ ಬೆನ್ನಿನ ಅಗಲ ಬದಲಾಗುತ್ತದೆ. 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ) ಮ್ಯಾಪ್‌ಲಿಥೋ ಕಾಗದದಲ್ಲಿ 200 ಪುಟಕ್ಕೆ ಬೆನ್ನು ಸುಮಾರು 10 ಮಿ.ಮೀ. ಹತ್ತಿಪ್ಪತ್ತು ಪುಟ ಸೇರಿದರೂ ರಕ್ಷಾಪುಟದ ಫೈಲ್ ಮತ್ತೆ ಮಾಡಿಸಬೇಕು, ಡಿಸೈನರ್‌ಗೆ ಮತ್ತೆ ದುಡ್ಡು ಕೊಡಬೇಕು.

ಕನ್ನಡದ ಫೈಲ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವುದು ಹಳೆಯ ಫಾಂಟ್. ನಮ್ಮ ಭಾಗದ ಬಹಳಷ್ಟು ಡಿಟಿಪಿ ಅಂಗಡಿಗಳು ಇಂದಿಗೂ ಪೇಜ್‌ಮೇಕರ್‌ನಲ್ಲಿ ಹಳೆಯ ನುಡಿ ಅಥವಾ ಶ್ರೀಲಿಪಿ ಫಾಂಟಿನಲ್ಲೇ ಹೊಡೆಯುತ್ತವೆ. ಅದರಲ್ಲಿ ಕನ್ನಡ ಅಕ್ಷರ ಕೂತಿರುವುದು ಇಂಗ್ಲಿಷ್ ಅಕ್ಷರದ ಜಾಗದಲ್ಲಿ. ಕಾದಂಬರಿಗೆ ಇದು ನಡೆಯುತ್ತದೆ. ಕ್ರಿಪ್ಟೋ ಪುಸ್ತಕದಲ್ಲಿ ಮಾತ್ರ ಪುಟಪುಟಕ್ಕೂ ಇಂಗ್ಲಿಷ್ ವಿಳಾಸ, ಹ್ಯಾಶ್ (ದತ್ತಾಂಶದ ಗುರುತಾಗಿರುವ ಅಕ್ಷರ-ಅಂಕಿಗಳ ಸಾಲು), ಆ್ಯಪ್‌ನ ಬಟನ್ ಹೆಸರು ಇರುತ್ತವೆ. ಪೂರ್ತಿ ಕಡತವನ್ನು ಯೂನಿಕೋಡ್ (ಪ್ರತಿ ಲಿಪಿಯ ಅಕ್ಷರಕ್ಕೂ ಪ್ರತ್ಯೇಕ ಸಂಕೇತವಿರುವ ವ್ಯವಸ್ಥೆ) ಪರಿವರ್ತಕಕ್ಕೆ ಹಾಕಿದರೆ ಅವೆಲ್ಲ ಅರ್ಥವಿಲ್ಲದ ಕನ್ನಡ ಅಕ್ಷರವಾಗಿಬಿಡುತ್ತವೆ. ಹೀಗಾಗಿ ಮೊದಲ ದಿನದಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಲಿಬ್ರೆ ಆಫೀಸ್ ಉಚಿತ, ನೋಟೋ ಸೆರಿಫ್ ಕನ್ನಡ ಫಾಂಟೂ ಉಚಿತ. ಇನ್‌ಡಿಸೈನ್ ಬಳಸುವವರು ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆ ಹಾಕದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ನಿಲ್ಲುತ್ತದೆ.

'ಬ್ಲಾಕ್‌ಚೈನ್' ಪದವನ್ನೇ ನೋಡಿ. ಕ್ ಮತ್ತು ಚೈ ನಡುವೆ ಅಕ್ಷರಗಳು ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯೂಎನ್‌ಜೆ ಚಿಹ್ನೆ ಇರಬೇಕು. ಅದು ಬಿದ್ದುಹೋದರೆ ಚಕಾರ ಒತ್ತಾಗಿ ಕೆಳಗಿಳಿದು 'ಬ್ಲಾಕ್ಚೈನ್' ಆಗುತ್ತದೆ. ಒಂದು ಕಡತದಿಂದ ಇನ್ನೊಂದಕ್ಕೆ ಅಂಟಿಸುವಾಗ ಈ ಚಿಹ್ನೆ ಉದುರುವುದುಂಟು. ಕೊನೆಯ ಕರಡಿನಲ್ಲಿ 'ಬಿಟ್ಕಾಯಿನ್', 'ಬ್ಲಾಕ್ಚೈನ್' ಎಂದೇ ಹುಡುಕಿ ಒಟ್ಟಿಗೆ ಬದಲಿಸಿ. ಬಿಟ್‌ಕಾಯಿನ್ ಚಿಹ್ನೆ ₿ ಯೂನಿಕೋಡ್‌ಗೆ ಸೇರಿದ್ದು 2017ರಲ್ಲಿ. ಅದಕ್ಕೂ ಹಳೆಯ ಫಾಂಟಿನಲ್ಲಿ ಅದರ ಬದಲು ಖಾಲಿ ಚೌಕ ಅಚ್ಚಾಗಬಹುದು, ಪರದೆಯ ಮೇಲೆ ಸರಿಯಾಗಿ ಕಂಡರೂ ಸಹ. ಪಿಡಿಎಫ್ ಮಾಡಿದ ಮೇಲೆ ರೀಡರ್‌ನ ಪ್ರಾಪರ್ಟೀಸ್‌ನಲ್ಲಿ ಫಾಂಟ್ಸ್ ತೆರೆದು, ಪ್ರತಿ ಫಾಂಟಿನ ಮುಂದೆ 'ಎಂಬೆಡೆಡ್' (ಫಾಂಟ್ ಫೈಲಿನೊಳಗೇ ಸೇರಿದೆ) ಎಂದಿದೆಯೇ ನೋಡಿಕೊಳ್ಳಿ.

ಬ್ಲಾಕ್ ಹ್ಯಾಶ್ ಎಂದರೆ 64 ಅಕ್ಷರ. ಡೆಮಿ ಪುಟದ ಅಗಲ 5.5 ಇಂಚು. ಒಳಗೆ 0.75, ಹೊರಗೆ 0.6 ಅಂಚು ಬಿಟ್ಟರೆ ಉಳಿಯುವುದು 4.15 ಇಂಚು. 8 ಪಾಯಿಂಟಿನ ಸಮಅಗಲ ಫಾಂಟಿನಲ್ಲಿ ಅಷ್ಟು ಜಾಗಕ್ಕೆ 62 ಅಕ್ಷರ ಹಿಡಿದೀತು. ಉಳಿದೆರಡು ಕೆಳಗೆ ಬೀಳುತ್ತವೆ, ಅಥವಾ ತಂತ್ರಾಂಶ ತಾನಾಗಿ ಅಡ್ಡಗೆರೆ ಸೇರಿಸುತ್ತದೆ. ಓದುಗ ಆ ಗೆರೆಯನ್ನೂ ಹ್ಯಾಶಿನ ಭಾಗವೆಂದೇ ತಿಳಿಯುತ್ತಾನೆ. ಆ ಪ್ಯಾರಾಗೆ ಹೈಫನೇಶನ್ ತೆಗೆದು, 32 ಅಕ್ಷರದ ಎರಡು ಸಾಲು ಮಾಡಿ 9 ಪಾಯಿಂಟಿನಲ್ಲಿ ಕೂಡಿಸಿ. ವಯಸ್ಸಾದವರು ಓದುವ ಪುಸ್ತಕ, ಇದಕ್ಕಿಂತ ಸಣ್ಣದು ಬೇಡ.

ವ್ಯಾಲೆಟ್ (ಕ್ರಿಪ್ಟೋದ ಕೀಲಿ ಇಡುವ ಆ್ಯಪ್ ಅಥವಾ ಸಾಧನ) ಮರಳಿ ಪಡೆಯುವ ಗುಪ್ತ ಪದಗಳನ್ನು, ಅಂದರೆ ಸೀಡ್ ಪದಗಳನ್ನು, ಕನ್ನಡ ಲಿಪಿಗೆ ತರಲೇಬಾರದು. ಈ ಪದಗಳಿಗಿರುವ ಬಿಐಪಿ-39 ಮಾನದಂಡದ ಪಟ್ಟಿಯಲ್ಲಿರುವುದು 2,048 ಪದ, ಅದರಲ್ಲಿ ಸಾಮಾನ್ಯವಾಗಿ 12 ಅಥವಾ 24 ಪದ ಬಳಕೆಯಾಗುತ್ತವೆ. ಪ್ರತಿ ಇಂಗ್ಲಿಷ್ ಪದಕ್ಕೂ ಮೊದಲ ನಾಲ್ಕು ಅಕ್ಷರ ಬೇರೆಯೇ ಇರುತ್ತವೆ. ಕನ್ನಡದ ಪಟ್ಟಿ ಆ ಮಾನದಂಡದಲ್ಲಿಲ್ಲ. ಪುಸ್ತಕ ನೋಡಿ ಕನ್ನಡದಲ್ಲಿ ಬರೆದಿಟ್ಟುಕೊಂಡ ಓದುಗ ಕಾಗುಣಿತದಲ್ಲಿ ಎಡವಿದರೆ ಹಣ ಹೋದಂತೆಯೇ. ಉದಾಹರಣೆಗೆ ಮುದ್ರಿಸುವ ಸೀಡ್ ಕೂಡ ಎಲ್ಲರಿಗೂ ಗೊತ್ತಿರುವ ಪರೀಕ್ಷೆಯ ಸೀಡೇ ಆಗಿರಲಿ, 'ಇದಕ್ಕೆ ಹಣ ಹಾಕಬೇಡಿ' ಎಂಬ ಪೆಟ್ಟಿಗೆ ಅದರ ಪಕ್ಕದಲ್ಲೇ ಇರಲಿ.

ಇನ್ನು ಚಿತ್ರಗಳು. ಬೆಲೆಯ ಚಾರ್ಟಿನಲ್ಲಿ ಹಸಿರು ಎಂದರೆ ಏರಿಕೆ, ಕೆಂಪು ಎಂದರೆ ಇಳಿಕೆ. ಕಪ್ಪು-ಬಿಳುಪು ಮುದ್ರಣದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಬೂದು. ಏರಿಕೆಗೆ ಟೊಳ್ಳು ಕಡ್ಡಿ, ಇಳಿಕೆಗೆ ತುಂಬಿದ ಕಡ್ಡಿ ಮಾಡಿ ಚಾರ್ಟನ್ನು ಮತ್ತೆ ಬರೆಸಬೇಕು. ಮೊಬೈಲಿನ ಸ್ಕ್ರೀನ್‌ಶಾಟ್‌ಗಳನ್ನು ಆದಷ್ಟು ಕಡಿಮೆ ಮಾಡಿ, ಆ್ಯಪ್‌ನ ರೂಪ ಕಾಯ್ದೆಗಿಂತ ಬೇಗ ಬದಲಾಗುತ್ತದೆ. ತಿದ್ದುಪಡಿ ತಿಳಿಸುವ ಪುಟಕ್ಕೆ ಕ್ಯೂಆರ್ ಕೋಡ್ ಕೊಡುವುದು ಒಳ್ಳೆಯದು, ಆದರೆ ಅದು ಪುಟದ ವಿಳಾಸವನ್ನು ನೇರವಾಗಿ ಹೊಂದಿರುವ ಸ್ಟ್ಯಾಟಿಕ್ ಕೋಡ್ ಆಗಿರಲಿ. ಡೈನಾಮಿಕ್ ಕೋಡ್ ಕೊಡುವ ಕಂಪನಿಯ ಚಂದಾ ಮುಗಿದ ದಿನ ಅಚ್ಚಾದ ಎಲ್ಲ ಪ್ರತಿಯ ಕೋಡೂ ಸಾಯುತ್ತದೆ.

ಒಂದು ಅಂಕ ಕಳೆದದ್ದು ಬೈಂಡಿಂಗ್‌ಗೆ. ಹೊಲಿಗೆಯಿಲ್ಲದೆ ಬೆನ್ನಿಗೆ ಅಂಟು ಹಚ್ಚುವ ಪರ್ಫೆಕ್ಟ್ ಬೈಂಡಿಂಗ್‌ನಲ್ಲಿ ಸಾಮಾನ್ಯವಾಗಿ ಹಾಕುವುದು ಬಿಸಿ ಮಾಡಿ ಹಚ್ಚುವ ಇವಿಎ ಅಂಟು. ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಕಾರಿನೊಳಗೆ ಬಿಟ್ಟ ಪ್ರತಿಯ ಅಂಟು ಮೆತ್ತಗಾಗಿ ನಡುವಿನ ಹಾಳೆ ಕೈಗೆ ಬರುತ್ತದೆ. ಬೆಳಗಾವಿ ಮಳೆಗಾಲದಲ್ಲಿ ತೊಂದರೆ ಬೇರೆ: ರಕ್ಷಾಪುಟದ ಹೊರಮೈಗೆ ಮಾತ್ರ ಲ್ಯಾಮಿನೇಶನ್ ಇರುವುದರಿಂದ ಒಳಮೈ ತೇವ ಹೀರಿ ಹಿಗ್ಗುತ್ತದೆ, ಅಟ್ಟೆ ಹೊರಕ್ಕೆ ಸುರುಳಿಯಾಗುತ್ತದೆ. 300 ಜಿಎಸ್‌ಎಂ ಆರ್ಟ್ ಕಾರ್ಡ್ ಆರಿಸಿದರೆ ಸುರುಳಿ ಕಡಿಮೆ. ಶಾಖ ತಾಳುವ ಪಿಯುಆರ್ ಅಂಟು ಸಿಗುತ್ತದೆಯೇ ಎಂದು ಆರ್ಡರ್‌ಗೆ ಮೊದಲೇ ಕೇಳಿ. ಮೊದಲು ಒಂದೇ ಒಂದು ಪ್ರೂಫ್ ಪ್ರತಿ ತರಿಸಿ, ನಡುವಿನಿಂದ ಪೂರ್ತಿ ಬಿಚ್ಚಿ ಹಿಂದಕ್ಕೆ ಮಡಚಿ ನೋಡಿ.

ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಸೇವೆಯವರೇ ಕೊಡುತ್ತಾರೆ, ಆದರೂ ಸ್ವಂತದ್ದನ್ನೇ ತೆಗೆದುಕೊಳ್ಳಿ. ಭಾರತದಲ್ಲಿ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ ಇದನ್ನು ಉಚಿತವಾಗಿ ಕೊಡುತ್ತದೆ, ಅರ್ಜಿ ಆನ್‌ಲೈನ್. ಸ್ವಂತ ಸಂಖ್ಯೆ ಇದ್ದರೆ ಪ್ರಕಾಶಕರು ನೀವೇ, ನಾಳೆ ಬೇರೆ ಮುದ್ರಕರ ಹತ್ತಿರ ಹೋಗಲು ಅಡ್ಡಿಯಿಲ್ಲ. ಮುದ್ರಿತ ಪುಸ್ತಕಕ್ಕೆ ಒಂದು, ಇ-ಪುಸ್ತಕಕ್ಕೆ ಇನ್ನೊಂದು ಬೇಕು. ಅಕ್ಷರದೋಷ ತಿದ್ದಿದರೆ, ಬೆಲೆ ಬದಲಿಸಿದರೆ ಹಳೆಯ ಸಂಖ್ಯೆಯೇ ಸಾಕು. ತೆರಿಗೆ ಅಧ್ಯಾಯ ಹೊಸದಾಗಿ ಬರೆದರೆ ಅದು ಹೊಸ ಆವೃತ್ತಿ, ಹೊಸ ಸಂಖ್ಯೆ. 'ಬೆಸ್ಟ್ ಸೆಲ್ಲರ್ ಪ್ಯಾಕೇಜ್' ಎಂದು ದೊಡ್ಡ ಮೊತ್ತ ಕೇಳುವವರು ಸಿಗುತ್ತಾರೆ. ಅಂಥವರ ಕರಾರಿನಲ್ಲಿ ಎರಡು ಸಾಲು ಹುಡುಕಿ: ಹಕ್ಕು ಯಾರದು, ಮುದ್ರಣಕ್ಕೆ ಸಿದ್ಧವಾದ ಫೈಲ್ ನಿಮಗೆ ಕೊಡುತ್ತಾರೆಯೇ? ಎರಡನೆಯದಕ್ಕೆ ಉತ್ತರ 'ಇಲ್ಲ' ಎಂದಾದರೆ ಸಹಿ ಹಾಕಬೇಡಿ. ಫೈಲ್ ಕೈಯಲ್ಲಿಲ್ಲದೆ ಈ ಪುಸ್ತಕವನ್ನು ತಿದ್ದಲಾಗುವುದಿಲ್ಲ.

ಬೆಲೆ ಇಡುವಾಗ ಅಂಗಡಿಯ ಪಾಲು ಮೊದಲೇ ಕಳೆಯಿರಿ. ಮುದ್ರಣಕ್ಕೆ ₹130 ತಗಲುತ್ತದೆ ಎಂದು ಹಿಡಿದರೆ, ₹250 ಬೆಲೆಯಲ್ಲಿ ಶೇ 40 ಅಂಗಡಿಗೆ ಹೋದ ಮೇಲೆ ಉಳಿಯುವುದು ₹20. ಅದೇ ಪ್ರತಿಯನ್ನು ನೇರವಾಗಿ ಮಾರಿದರೆ ₹120. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಮೇಲೆ ಕಣ್ಣಿಟ್ಟವರಿಗೆ ಈ ಸೇವೆ ಸರಿಹೊಂದದು, ಅವರು ಆಫ್‌ಸೆಟ್ ಕಡೆಗೇ ಹೋಗಲಿ.

ಬಾಗಲಕೋಟೆಯ ನವನಗರಕ್ಕೋ ಜಮಖಂಡಿಗೋ ಒಂದೊಂದೇ ಪ್ರತಿ ಕಳಿಸಲು ಅಂಚೆ ಇಲಾಖೆಯ ಜ್ಞಾನ ಪೋಸ್ಟ್ ಒಳ್ಳೆಯದು. 2025ರ ಮೇ 1ರಂದು ಶುರುವಾದ ಈ ಸೇವೆಯಲ್ಲಿ 300 ಗ್ರಾಂವರೆಗೆ ₹20, ತೆರಿಗೆ ಬೇರೆ. ಡೆಮಿ 200 ಪುಟ, 80 ಜಿಎಸ್‌ಎಂ ಕಾಗದ, ಅಟ್ಟೆ, ಲಕೋಟೆ ಸೇರಿ 280 ಗ್ರಾಂ ಆಸುಪಾಸು ತೂಗುತ್ತದೆ. 100 ಜಿಎಸ್‌ಎಂ ಕಾಗದ ಆರಿಸಿದರೆ ಮಿತಿ ದಾಟುತ್ತದೆ. ಪುಸ್ತಕದಲ್ಲಿ ಪ್ರಕಾಶಕರ ಅಥವಾ ಮುದ್ರಕರ ಹೆಸರು ಇರಲೇಬೇಕು, ಎಕ್ಸ್‌ಚೇಂಜ್‌ಗಳ ಜಾಹೀರಾತು ಇರಬಾರದು.

1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ಮೂರು ಗ್ರಂಥಾಲಯಗಳಿಗೂ ಒಂದೊಂದು ಪ್ರತಿಯನ್ನು ಪ್ರಕಾಶಕರೇ ತಮ್ಮ ಖರ್ಚಿನಲ್ಲಿ ಕಳಿಸಬೇಕು. ಸೇವೆಯವರು ಇದನ್ನು ಮಾಡುವುದಿಲ್ಲ. ವಿಷಯ ಬದಲಾದ ಹೊಸ ಆವೃತ್ತಿಗೂ ಈ ನಿಯಮ ಅನ್ವಯ, ಆದ್ದರಿಂದ ಪ್ರತಿ ಆವೃತ್ತಿಯ ಮೊದಲ ಆರ್ಡರ್‌ನಲ್ಲೇ ನಾಲ್ಕು ಪ್ರತಿ ಹೆಚ್ಚಿಗೆ ಹಾಕಿ.