2ರಿಂದ 8 ಜಿಬಿಗೆ: ನಮ್ಮ ಹಳೆಯ ಜಿ41 ಡೆಸ್ಕ್‌ಟಾಪ್, ಐದು ವರ್ಷ ಬಳಸಿದ ಮೇಲೆ

ನಮ್ಮ ಮನೆಯ ಡೆಸ್ಕ್‌ಟಾಪ್ 2010ರಲ್ಲಿ ಅಸೆಂಬಲ್ ಮಾಡಿಸಿದ್ದು. ಇಂಟೆಲ್ ಕೋರ್ 2 ಡ್ಯುಯೋ ಇ7500 ಪ್ರೊಸೆಸರ್, ಜಿ41 ಚಿಪ್‌ಸೆಟ್‌ನ (ಪ್ರೊಸೆಸರನ್ನು ಉಳಿದ ಭಾಗಗಳಿಗೆ ಜೋಡಿಸುವ ಚಿಪ್) ಬೋರ್ಡ್, 2 ಜಿಬಿ ಡಿಡಿಆರ್3 ರ‍್ಯಾಮ್. ಹತ್ತು ವರ್ಷ ಲೆಕ್ಕಪತ್ರ, ಟೈಪಿಂಗ್ ಎಲ್ಲ ಅದರಲ್ಲೇ ನಡೆಯಿತು. 2020ರಲ್ಲಿ ಮಗಳಿಗೆ ಆನ್‌ಲೈನ್ ಪಾಠ ಶುರುವಾದಾಗ ಕಷ್ಟವಾಯಿತು. ಟೀಚರ್ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಪಾಪ, ಅವಳು ಪರದೆ ನೋಡುತ್ತಾ ಸುಮ್ನೆ ಕೂತಿರುತ್ತಿದ್ದಳು.

ರ‍್ಯಾಮ್ ಜಾಸ್ತಿ ಮಾಡೋಣ ಅಂತ ಹೊರಟೆ. ಆದರೆ ಎಷ್ಟರವರೆಗೆ ಹಾಕಬಹುದು? ಈಗಿನ ಕಂಪ್ಯೂಟರ್‌ಗಳಲ್ಲಿ ಮೆಮೊರಿ ಕಂಟ್ರೋಲರ್, ಅಂದರೆ ಮೆಮೊರಿಯನ್ನು ನಿಭಾಯಿಸುವ ಭಾಗ, ಪ್ರೊಸೆಸರ್ ಒಳಗೇ ಇರುತ್ತದೆ. ಕೋರ್ 2 ಕಾಲದಲ್ಲಿ ಅದು ಚಿಪ್‌ಸೆಟ್‌ನಲ್ಲಿತ್ತು. ಹಾಗಾಗಿ ಪ್ರೊಸೆಸರ್ ಹೆಸರು ಹಿಡಿದು ಹುಡುಕಿ ಪ್ರಯೋಜನ ಇಲ್ಲ. ಸಿಪಿಯು-ಝಡ್ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿ ‘ಮೇನ್‌ಬೋರ್ಡ್’ ಪುಟ ತೆರೆದೆ. ಬೋರ್ಡ್ ಮಾಡೆಲ್, ಚಿಪ್‌ಸೆಟ್ ಎರಡೂ ಅಲ್ಲೇ ಇದ್ದವು. ಜಿ41ಗೆ ಇಂಟೆಲ್ ಹೇಳುವ ಮಿತಿ 8 ಜಿಬಿ. ನಮ್ಮ ಬೋರ್ಡಿನಲ್ಲಿ ಎರಡೇ ಸ್ಲಾಟ್, ಅಂದರೆ ಒಂದೊಂದಕ್ಕೆ 4 ಜಿಬಿ. ಕ್ಯಾಬಿನೆಟ್ ಬಿಚ್ಚಿದರೆ ಎರಡರಲ್ಲೂ 1 ಜಿಬಿ ಸ್ಟಿಕ್ ಕೂತಿದ್ದವು. ಎರಡನ್ನೂ ತೆಗೆಯಲೇಬೇಕಿತ್ತು.

ಲೆಕ್ಕ ಸರಿ ಇತ್ತು. ಆದರೂ ಎಡವಟ್ಟಾಯಿತು.

ಅಂಗಡಿಯಲ್ಲಿ 4 ಜಿಬಿ ಡಿಡಿಆರ್3 ಕೇಳಿದೆ, ಕೊಟ್ಟರು. ಹಾಕಿದರೆ ಡಿಸ್‌ಪ್ಲೇ ಇಲ್ಲ, ಬರೀ ಬೀಪ್ ಸದ್ದು. ರಬ್ಬರಿನಿಂದ ಚಿನ್ನದ ಬಣ್ಣದ ಕಾಲುಗಳನ್ನು ಉಜ್ಜಿದೆ. ಸ್ಲಾಟ್ ಬದಲಿಸಿದೆ. ಹಳೆಯ ಸ್ಟಿಕ್ ಹಾಕಿದರೆ ಮಾತ್ರ ಆನ್ ಆಗುತ್ತಿತ್ತು. ಬದಲಿಸಿ ಕೊಟ್ಟ ಸ್ಟಿಕ್ಕೂ ಹಾಗೇ. ‘ನಿಮ್ಮ ಬೋರ್ಡೇ ಹೋಗಿದೆ’ ಅಂದರು ಅಂಗಡಿಯವರು. ಹೋಗಿರಲಿಲ್ಲ.

ಆ ಸ್ಟಿಕ್ ಮೇಲಿದ್ದದ್ದು ಎಂಟೇ ಕಪ್ಪು ಚಿಪ್, ಅದೂ ಒಂದೇ ಬದಿಗೆ. 4 ಜಿಬಿಯನ್ನು ಎಂಟಕ್ಕೆ ಹಂಚಿದರೆ ಒಂದೊಂದು ಚಿಪ್‌ಗೆ 512 ಎಂಬಿ. ಜಿ41 ಒಂದು ಚಿಪ್‌ನಲ್ಲಿ 256 ಎಂಬಿಗಿಂತ ಜಾಸ್ತಿ ಓದಲಾರದು. ಅದಕ್ಕೆ ಬೇಕಾದದ್ದು ಎರಡೂ ಬದಿಗೆ ಎಂಟೆಂಟು, ಒಟ್ಟು ಹದಿನಾರು ಚಿಪ್ ಇರುವ 4 ಜಿಬಿ ಸ್ಟಿಕ್. ಲೇಬಲ್ ಮೇಲೆ ‘2ಆರ್×8’ ಅಂತಿದ್ದರೆ ಸರಿ, ‘1ಆರ್×8’ ಅಂತಿದ್ದರೆ ಬೇಡ. ಲೇಬಲ್ ಹರಿದಿದ್ದರೆ ಬೆರಳಿಟ್ಟು ಎಣಿಸಿ, ಅಷ್ಟೇ ಸಾಕು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ, ಸೆಕೆಂಡ್ ಹ್ಯಾಂಡ್ ಮಾಲಿನಲ್ಲಿ ಹುಡುಕಿ, ಹದಿನಾರು ಚಿಪ್ಪಿನ ಎರಡು ಸ್ಟಿಕ್ ತಂದೆ. ಅವುಗಳ ಮೇಲೆ ವೇಗ 1333 ಅಂತ ಇತ್ತು. ಜಿ41 ಅದನ್ನು 1066ಕ್ಕೆ ಇಳಿಸಿ ಓಡಿಸುತ್ತದೆ, ತೊಂದರೆ ಇಲ್ಲ. ಮೊದಲ ಸಲಕ್ಕೇ ಆನ್ ಆಯಿತು. ರಾತ್ರಿಯಿಡೀ ಮೆಮ್‌ಟೆಸ್ಟ್ ಅನ್ನೋ ಮೆಮೊರಿ ಪರೀಕ್ಷೆಯ ಸಾಫ್ಟ್‌ವೇರ್ ಓಡಿಸಿದೆ, ಒಂದೂ ತಪ್ಪು ಬರಲಿಲ್ಲ.

ಇನ್ನೊಂದು ವಿಷಯ. ನಮ್ಮ ವಿಂಡೋಸ್ 7 ಆಗ 32 ಬಿಟ್ ಆಗಿತ್ತು. 8 ಜಿಬಿ ಹಾಕಿದರೂ ಬಳಕೆಗೆ ಸಿಕ್ಕಿದ್ದು 3 ಜಿಬಿ ಚಿಲ್ಲರೆ ಮಾತ್ರ. ಇದು ರ‍್ಯಾಮಿನ ದೋಷ ಅಲ್ಲ. 64 ಬಿಟ್ ಹಾಕಿದ ಮೇಲೆ ಸರಿಹೋಯಿತು. ವಿಂಡೋಸ್ 7ರಲ್ಲಿ ಆವೃತ್ತಿಗೂ ಮಿತಿ ಇದೆ: 64 ಬಿಟ್ ಹೋಮ್ ಬೇಸಿಕ್‌ಗೆ 8 ಜಿಬಿ, ಹೋಮ್ ಪ್ರೀಮಿಯಂಗೆ 16.

ಈ ಐದು ವರ್ಷದಲ್ಲಿ ರ‍್ಯಾಮ್ ಒಮ್ಮೆಯೂ ಕೈಕೊಟ್ಟಿಲ್ಲ. ಪಾಠದ ಜೊತೆಗೆ ಹತ್ತು ಹನ್ನೆರಡು ಟ್ಯಾಬ್ ತೆರೆದಿದ್ದರೂ ಮಗಳ ಕೆಲಸ ನಿಲ್ಲಲಿಲ್ಲ. ಆದರೆ ಆನ್ ಆಗೋಕೆ ಹಿಡಿಯುತ್ತಿದ್ದ ಸಮಯ ಇದರಿಂದ ಕಡಿಮೆ ಆಗಲಿಲ್ಲ. ಅದಕ್ಕೆ ಹಾರ್ಡ್ ಡಿಸ್ಕ್‌ಗಿಂತ ವೇಗದ ಎಸ್‌ಎಸ್‌ಡಿ ಹಾಕಬೇಕಾಯಿತು. ವಿಡಿಯೋ ಎಡಿಟಿಂಗ್ ಮಾಡುವವರು ಈ ಯಂತ್ರದ ಮೇಲೆ ದುಡ್ಡು ಹಾಕಬೇಡಿ, ಪ್ರೊಸೆಸರ್ ತಡೆಯಲ್ಲ. ವಿಂಡೋಸ್ 7 ಆದಮೇಲೆ ಬಳಸುತ್ತಿದ್ದ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್‌ನಲ್ಲಿ ನಿಂತ ಮೇಲೆ, ಅದರ ಬದಲು ಲಿನಕ್ಸ್ ಮಿಂಟ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡಿದ್ದೇನೆ. ಅಲ್ಲೂ ಪೂರ್ತಿ 8 ಜಿಬಿ ಕಾಣುತ್ತದೆ.

ಜಿ41 ಬೋರ್ಡುಗಳಲ್ಲಿ ಡಿಡಿಆರ್3ಕ್ಕಿಂತ ಹಿಂದಿನ ಬಗೆಯಾದ ಡಿಡಿಆರ್2 ಸ್ಲಾಟ್ ಇರುವವೂ ಇವೆ, ಎರಡೂ ಬಗೆಯ ಸ್ಲಾಟ್ ಇರುವವೂ ಇವೆ. ಎರಡನ್ನೂ ಒಟ್ಟಿಗೆ ಬಳಸೋಕಾಗಲ್ಲ. ಅಂಗಡಿಗೆ ಹೋಗುವಾಗ ನಿಮ್ಮ ಹಳೆಯ ಸ್ಟಿಕ್ ಒಂದನ್ನು ಜೇಬಲ್ಲಿ ಇಟ್ಟುಕೊಂಡೇ ಹೋಗಿ. ಹೊಸದನ್ನು ಪಕ್ಕದಲ್ಲಿ ಹಿಡಿದು ಕೆಳಗಿನ ಕಚ್ಚು ಒಂದೇ ಜಾಗದಲ್ಲಿದೆಯಾ ನೋಡಿ. ಆಮೇಲೆ ಚಿಪ್ ಎಣಿಸಿ.